ಜೋಡು ಬ್ಯಾಟರಿಯೂ ಒಂದು ದಿನದ ಮರಿಯೂ

ರಾಯಚೂರಿನ ಅಕ್ಕಿ ಮಿಲ್ಲಿನಿಂದ ಅಂಗಡಿಗಳಿಗೆ ಮೂಟೆ ಸಾಗಿಸುವುದು ನನ್ನ ಕಸುಬು. ಡೀಸೆಲ್ ಟೆಂಪೋ ಮಾರಿ ಕರೆಂಟಿನ ಗಾಡಿ ತಂದ ಹೊಸತರಲ್ಲಿ ನಾನು ಮೂಟೆಗಿಂತ ಹೆಚ್ಚು ಬೈಗುಳ ಹೊತ್ತೆ. ಸದ್ದೇ ಇಲ್ಲದ ಗಾಡಿ ಬೆನ್ನ ಹಿಂದೆ ಬಂದು ನಿಂತರೆ ಯಾರಿಗೆ ತಾನೆ ಸಿಟ್ಟು ಬರುವುದಿಲ್ಲ? ನನಗೆ ಮಾತ್ರ ಅದರ ಮೇಲೆ ಹುಚ್ಚು ಬೆರಗು. ಇಳಿಜಾರಿನಲ್ಲಿ ಕಾಲು ತೆಗೆದರೆ ಸಾಕು, ಗಾಡಿ ತಾನೇ ಕರೆಂಟು ಹುಟ್ಟಿಸಿ ಬ್ಯಾಟರಿಗೆ ತುಂಬಿಕೊಳ್ಳುತ್ತಿತ್ತು. ಖರ್ಚಾದದ್ದು ಚೂರಾದರೂ ಮರಳಿ ಬರುವುದನ್ನು ನಾನು ಬೇರೆಲ್ಲೂ ಕಂಡಿರಲಿಲ್ಲ. ಹೆಂಡತಿಗೆ ಇದನ್ನು ಎಷ್ಟು ಸಲ ಹೇಳಿದೆನೆಂದರೆ, ಕೊನೆಗೆ ಅವಳು ಊಟಕ್ಕೂ ಅದನ್ನೇ ಕೇಳು ಅಂದಳು.

ಕೊರಗು ಒಂದೇ, ದೂರದ್ದು. ದೇವದುರ್ಗಕ್ಕೆ ಲೋಡು ಸಿಕ್ಕರೆ ಅಲ್ಲಿ ಯಾರದೋ ಅಂಗಡಿಯ ಪ್ಲಗ್ಗಿಗೆ ವೈರು ಸಿಕ್ಕಿಸಿ, ಅರ್ಧ ದಿನ ಚಹಾ ಕುಡಿಯುತ್ತ ಕೂರಬೇಕು. ಸ್ಟೇಷನ್ ಹತ್ತಿರ ನನ್ನ ಗೆಳೆಯನದೊಂದು ಬ್ಯಾಟರಿ ಅಂಗಡಿಯಿದೆ. ಮನೆಯಲ್ಲಿ ದಖ್ಖನಿ, ಗಿರಾಕಿಯ ಮುಂದೆ ಕನ್ನಡ, ಸಿಟ್ಟು ಬಂದರೆ ತೆಲುಗು ಆಡುವ ಮನುಷ್ಯ. ಅವನಲ್ಲಿ ನನ್ನ ಗೋಳು ತೋಡಿಕೊಂಡೆ.

"ಭಾಯಿ, ಮೊದ್ಲ ಹೇಳು, ನಿನಗ ದೂರ ಬೇಕೋ ಭಾರ ಬೇಕೋ? ಎರಡೂ ಅಂದ್ರ ನನ್ನ ಕೈಲಿ ಆಗಾಂಗಿಲ್ಲ" ಅಂದ.

ನಾನು ದೂರ ಅಂದೆ. ಕ್ಯಾಬಿನ್ನಿನ ಹಿಂದೆ, ಲೋಡು ಹಾಕುವ ಜಾಗದಲ್ಲೇ, ಕಬ್ಬಿಣದ ಪೆಟ್ಟಿಗೆ ಮಾಡಿಸಿ ಅದರೊಳಗೆ ಇನ್ನೊಂದು ಬ್ಯಾಟರಿ ಕೂರಿಸಿದ. ಗಾಡಿಯದು ಮುಗಿಯುತ್ತ ಬಂದಾಗ ಕೈಯಿಂದ ಸ್ವಿಚ್ಚು ತಿರುಗಿಸಿದರೆ ಪೆಟ್ಟಿಗೆಯದು ಶುರು. ಕೆಲಸ ಮುಗಿಸಿ, ತನ್ನ ಕೈಯಿಂದ ಹೊರಬೀಳುವ ಎಲ್ಲ ಗಾಡಿಗೂ ಮಾಡುವಂತೆ, ನನ್ನ ಸೀಟಿಗೂ ಅತ್ತರು ಹಚ್ಚಿದ. ಕ್ಯಾಬಿನ್ನೆಲ್ಲ ಮಲ್ಲಿಗೆ ಘಮ್ಮೆಂದಿತು. "ಇನ್ನ ನೀನು ಮದುಮಗ, ಹೊಂಡು" ಅಂದ.

ನಿಜವಾಗಿಯೂ ಮದುಮಗನ ಹಾಗೆಯೇ ಮೆರೆದೆ. ದೇವದುರ್ಗಕ್ಕೆ ಹೋಗಿ, ಎಲ್ಲೂ ವೈರು ಹಚ್ಚದೆ, ಮನೆಗೆ ಬಂದೆ. ಪೆಟ್ಟಿಗೆಯ ಭಾರಕ್ಕೆ ಮೂಟೆ ಕಡಿಮೆ ಹಿಡಿಯುತ್ತಿದ್ದವು, ಹಮಾಲರು ನಗುತ್ತಿದ್ದರು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಆಗಲೇ ಅಣ್ಣನ ಫೋನು ಬಂತು. ನಮ್ಮದು ಕುರಿಯವರ ಮನೆತನ, ನಾನೊಬ್ಬ ಊರು ಸೇರಿದವನು. ಅಣ್ಣ ಮತ್ತು ಅತ್ತಿಗೆ, ನಮ್ಮ ಬಾಯಲ್ಲಿ ವೈನಿ, ದೇವದುರ್ಗದ ಕಡೆ ಕುರಿ ಕಾಯುತ್ತಾರೆ. ಮಾನ್ವಿಯ ಕಾಲುವೆ ಭಾಗದಲ್ಲಿ ಭತ್ತದ ಕೊಯ್ಲು ಮುಗಿದ ಮೇಲೆ ಹಿಂಡು ಅತ್ತ ನಡೆಯುತ್ತದೆ. ರಾತ್ರಿ ಗದ್ದೆಯಲ್ಲಿ ಕುರಿ ತರುಬಿ ಮಲಗಿಸಿದರೆ ಹೊಲದವರಿಗೆ ಗೊಬ್ಬರ, ನಮ್ಮವರಿಗೆ ಕಾಳು. ಆ ವರ್ಷ ಕುರಿಗಳು ದಾರಿಯಲ್ಲೇ ಮರಿ ಹಾಕತೊಡಗಿದ್ದವು.

"ನಾಳಿ ಹೊಳಿ ದಂಡಿ ಚೀಕಲಪರ್ವಿ ಮುಟ್ಟಬೇಕು. ನಡುವ ಎಲ್ಲಾ ಹತ್ತಿ ಹೊಲ, ಎಲ್ಲೂ ನಿಂದ್ರಾಕ ಬರಾಂಗಿಲ್ಲ. ಮರಿಗಳು ಅಷ್ಟು ದೂರ ನಡಿಯಂಗಿಲ್ಲ. ಗಾಡಿ ತಗೊಂಡು ಬಾರಲೇ" ಅಂದ ಅಣ್ಣ.

ಬೆಳಿಗ್ಗೆಯೇ ಹೊರಟೆ. ಪೆಟ್ಟಿಗೆ ತುಂಬಿ ಕೂತಿದೆ ಎಂಬ ಸೊಕ್ಕಿನಲ್ಲಿ ಗಾಡಿಯನ್ನು ಓಡಿಸಿದ್ದೇ ಓಡಿಸಿದ್ದು. ಮಾನ್ವಿ ದಾಟಿ ಹಿಂಡು ತಂಗಿದ್ದ ಬಯಲು ಮುಟ್ಟುವಾಗ ಗಾಡಿಯ ಬ್ಯಾಟರಿ ತಳ ಕಾಣತೊಡಗಿತ್ತು. ಆದರೇನು, ಸ್ವಿಚ್ಚು ನನ್ನ ಕೈಯಲ್ಲೇ ಇತ್ತಲ್ಲ.

ಅಣ್ಣ ಹಿಂಬಾಗಿಲು ಇಳಿಸಿ ನೋಡಿದ. "ಈ ಪೆಟ್ಟಿಗಿ ಏನು?"

ಹೆಮ್ಮೆಯಿಂದ ಎಲ್ಲ ಹೇಳಿದೆ. ಅಣ್ಣ ಮರಿಗಳ ಕಡೆ ನೋಡಿದ. ನಾನು ತೂಕದ ಲೆಕ್ಕ ಹಾಕಿಕೊಂಡು ಬಂದವನು. ಮರಿಗಳೆಲ್ಲ ಸೇರಿದರೂ ನಾಲ್ಕಾರು ಮೂಟೆಯ ಭಾರವಾಗದು, ಅದಕ್ಕೇನು ಯೋಚನೆ ಅಂತ. ದಿನವೆಲ್ಲ ಮೂಟೆ ಒಟ್ಟುವವನ ತಲೆಗೆ ಬೇರೆ ಇನ್ನೇನು ಹೊಳೆದೀತು?

"ಇವೇನು ಅಕ್ಕಿ ಚೀಲ ಏನಲೇ, ಒಂದರ ಮ್ಯಾಲ ಒಂದು ಒಟ್ಟಾಕ?" ಅಂದ ಅಣ್ಣ.

ಪೆಟ್ಟಿಗೆ ಜಾಗವನ್ನು ನುಂಗಿತ್ತು. ಅರ್ಧ ಮರಿಗಳು ಹತ್ತುವಷ್ಟರಲ್ಲೇ ಗಾಡಿ ತುಂಬಿತು. ಎರಡು ಸಲ ಬರುತ್ತೇನೆ ಅಂದೆ. ಹಾಗಾದರೆ ಇಲ್ಲೊಬ್ಬರು, ಅಲ್ಲೊಬ್ಬರು ಮರಿ ಕಾಯಬೇಕು, ಹತ್ತಿ ಹೊಲಗಳ ನಡುವೆ ಹಿಂಡು ಹಿಡಿಯಲಿಕ್ಕೇ ಮಂದಿ ಸಾಲದು ಅಂದ ಅಣ್ಣ. ಅಷ್ಟರಲ್ಲಿ ವೈನಿ ಕಂಬಳಿಯ ಮಡಿಲಿನಿಂದ ಒಂದು ಮರಿ ತೆಗೆದಳು. ಹಿಂದಿನ ದಿನ ಹುಟ್ಟಿದ್ದು, ಕಾಲು ಇನ್ನೂ ನೆಟ್ಟಗೆ ನಿಲ್ಲುತ್ತಿರಲಿಲ್ಲ.

"ತಮ್ಮಾ, ಇದರ ತಾಯಿದು ಇದ ಮೊದಲನೇ ಸೂಲು. ಹೊತ್ತು ಮುಳುಗೂದ್ರಾಗ ತಾಯಿ ಮಲಿ ಸಿಗಲಿಲ್ಲಂದ್ರ ಇದು ಉಳಿಯಂಗಿಲ್ಲ" ಅಂದಳು.

ಆ ಮರಿ ನನ್ನ ಬೆರಳನ್ನು ಬಾಯಿಗೆ ತೆಗೆದುಕೊಂಡು ಚೀಪಿತು. ಅಷ್ಟು ಪುಟ್ಟ ಬಾಯಿಯಲ್ಲಿ ಅಷ್ಟು ಜೋರು! ನಾನು ಪಾನಾ ತೆಗೆದೆ. ಪೆಟ್ಟಿಗೆಯ ಬೋಲ್ಟು ಬಿಚ್ಚಿ, ಎಲ್ಲರೂ ಕೈ ಹಾಕಿ ಇಳಿಸಿ, ದಾರಿ ಬದಿಯ ಪಂಪ್‌ಸೆಟ್ ಕೋಣೆಯಲ್ಲಿಟ್ಟೆವು. ವೈರು ಹಚ್ಚೋಣವೆಂದರೆ ಅಲ್ಲಿ ಕರೆಂಟು ಬರುವುದು ರಾತ್ರಿಯಷ್ಟೇ. ತುಂಬಿದ್ದನ್ನು ಕೆಳಗಿಟ್ಟು, ಖಾಲಿಯಾಗುತ್ತಿದ್ದುದನ್ನು ನಂಬಿ ಹೊರಟಂತಾಯಿತು. ದಾರಿಯಲ್ಲಿ ಗಾಡಿ ನಿಂತರೆ ಇಷ್ಟೂ ಮರಿಗಳಿಗೆ ಹಾಲಿಲ್ಲ.

ಹಿಂದೆ ಮರಿಗಳು, ಪಕ್ಕದ ಸೀಟಿನಲ್ಲಿ ಒಂದು ದಿನದ ಮರಿ. ಗಾಡಿ ಕುಲುಕಿದರೆ ಒಂದರ ಮೇಲೊಂದು ಬಿದ್ದಾವು ಅಂತ ಎತ್ತಿನ ಬಂಡಿಯ ಹಾಗೆ ಹೊಡೆದೆ. ಸೈಕಲ್ಲಿನವರೂ ನನ್ನನ್ನು ದಾಟಿ ಹೋಗಿ, ತಿರುಗಿ ನೋಡಿ ನಕ್ಕರು. ನನ್ನ ಕಣ್ಣು ಮಾತ್ರ ಚಾರ್ಜು ತೋರಿಸುವ ಪರದೆಯ ಮೇಲಿತ್ತು. ಅದು ಇಳಿಯುತ್ತಲೇ ಇರಲಿಲ್ಲ! ಕೆಟ್ಟಿದೆಯೇನೋ ಅಂದುಕೊಂಡು ಬೆರಳಿಂದ ತಟ್ಟಿದೆ. ಒಂದು ಅಂಕಿ ಇಳಿಯುವಷ್ಟರಲ್ಲಿ ಕಾಲುವೆ ದಾಟಿದ್ದೆ, ಇನ್ನೊಂದು ಇಳಿಯುವಷ್ಟರಲ್ಲಿ ಒಂದು ಊರೇ ಹಿಂದಾಗಿತ್ತು. ಬೆಳಿಗ್ಗೆ ವೇಗದಲ್ಲಿ ಅರ್ಧಕ್ಕರ್ಧ ಕಳೆದಿದ್ದೆ ಎಂಬುದು ಆಗ ಹೊಳೆಯಿತು. ಹೊಳೆಯ ಕಡೆ ದಾರಿ ಇಳಿಯುವಲ್ಲಿ ಕಾಲು ತೆಗೆದೆ. ಮರಿಗಳ ಭಾರವೇ ಗಾಡಿಯನ್ನು ಕೆಳಗೆ ನೂಕಿತು, ಪರದೆಯಲ್ಲಿ ಒಂದು ಅಂಕಿ ಮೇಲೇರಿತು. ಒಂದೇ ಒಂದು. ನಾನು ಇವುಗಳನ್ನು ಹೊತ್ತು ತರುತ್ತಿದ್ದೇನೆ ಅಂದುಕೊಂಡಿದ್ದೆ, ಇವೂ ನನ್ನನ್ನು ಒಂದಷ್ಟು ದೂರ ಹೊತ್ತಿದ್ದವು.

ಚೀಕಲಪರ್ವಿಯ ಗದ್ದೆಯಲ್ಲಿ ಬಲೆಯ ಬೇಲಿ ಕಟ್ಟಿ, ಮರಿಗಳನ್ನು ಬಿಟ್ಟು, ನಡೆದು ಬರುವ ಹಿಂಡಿಗಾಗಿ ಕಾದೆ. ಹೊತ್ತು ಇಳಿಯುವಾಗ ದೂರದಲ್ಲಿ ಧೂಳು ಕಂಡಿತು. ಧೂಳಿಗೂ ಮೊದಲು ದನಿ ಬಂತು. ತಾಯಿಕುರಿಗಳು ಅತ್ತ ಕೂಗಿದವು, ಮರಿಗಳು ಇತ್ತ ಕೂಗಿದವು, ನನಗೋ ಎಲ್ಲವೂ ಒಂದೇ ಬ್ಯಾ ಬ್ಯಾ. ಅಣ್ಣ ಬಲೆ ಎತ್ತಿದ. ಆ ಗದ್ದಲದಲ್ಲಿ ಒಂದೊಂದು ಮರಿಯೂ ತನ್ನ ತಾಯಿಯನ್ನೇ ಹುಡುಕಿ ಹೊಟ್ಟೆ ಕೆಳಗೆ ನುಗ್ಗಿತು. ಚಿಕ್ಕಂದಿನಲ್ಲಿ ದಿನಾ ನೋಡಿದ್ದೆ, ಅಂದು ಮೊದಲ ಸಲ ಕಂಡೆ. ಕಣ್ಣು ತುಂಬಿ ಬಂದವು.

ಒಂದು ದಿನದ ಮರಿಯನ್ನು ನಾನೇ ಎತ್ತಿಕೊಂಡು ಅದರ ತಾಯಿಯ ಮುಂದಿಟ್ಟೆ. ಕುರಿ ಮೂಸಿತು. ಇನ್ನೊಮ್ಮೆ ಮೂಸಿತು. ಮುಖ ತಿರುವಿ, ಹಿಂಗಾಲಿನಿಂದ ಮರಿಯನ್ನು ತಳ್ಳಿತು.

ವೈನಿ ಮರಿಯನ್ನು ಮೂಗಿಗೆ ಹಿಡಿದಳು. "ಇದೇನು ಮಲ್ಲಿಗಿ ವಾಸನಿ? ಮದುವಿಗೆ ಕರ್ಕೊಂಡು ಹೋಗಿದ್ದಿ ಏನು ಇದನ್ನ?"

ಅತ್ತರು! ದಿನವಿಡೀ ಆ ಸೀಟಿನ ಮೇಲೆ ಮಲಗಿತ್ತಲ್ಲ, ವಾಸನೆಯಿಂದಲೇ ಮರಿ ಗುರುತಿಸುವ ತಾಯಿಗೆ ಅದು ಪರರ ಮರಿಯಾಗಿತ್ತು. ದೂರ, ಭಾರ, ಬ್ಯಾಟರಿ ಎಲ್ಲ ಗೆದ್ದು ಬಂದು ಒಂದು ಹನಿ ಅತ್ತರಿಗೆ ಸೋತೆನೇ ಅಂತ ಹಣೆ ಚಚ್ಚಿಕೊಂಡೆ. ಸೂರ್ಯ ಹೊಳೆಯಾಚೆ ಕೆಂಪಾಗಿದ್ದ. ಮರಿ ಕೂಗುವುದನ್ನೂ ಬಿಟ್ಟಿತ್ತು.

ವೈನಿ ಕುರಿಯನ್ನು ಮಂಡಿಯ ನಡುವೆ ಹಿಡಿದು ಹಾಲು ಹಿಂಡಿದಳು. ಆ ಹಾಲನ್ನು ಮರಿಯ ತಲೆಗೆ, ಬೆನ್ನಿಗೆ, ಬಾಲಕ್ಕೆ ಸವರಿದಳು. ಮೇಲೆ ಹಿಂಡಿನ ಕಾಲಡಿಯ ಮಣ್ಣು ತಿಕ್ಕಿದಳು. ಮತ್ತೆ ಮುಂದಿಟ್ಟಳು.

ಕುರಿ ಮೂಸಿತು. ನಿಂತಿತು. ಆಮೇಲೆ ನಾಲಿಗೆ ಚಾಚಿ ಮರಿಯ ಬೆನ್ನನ್ನು ನೆಕ್ಕತೊಡಗಿತು. ಮರಿ ತಡವರಿಸಿ ಎದ್ದು, ಕೆಚ್ಚಲು ಹುಡುಕಿ ಬಾಯಿಡುತ್ತಿದ್ದಂತೆ ಅದರ ಪುಟ್ಟ ಬಾಲ ಪಟಪಟ ಬಡಿದುಕೊಂಡಿತು.

"ಚಾರ್ಜು ಹತ್ತಿತು ನೋಡಲೇ" ಅಂದ ಅಣ್ಣ.