ಟವೆಲ್ಲಿನ ಕೆಳಗೆ ಹಿಡಿದ ಕೈ

ಈಸ್ಟರ್ ಕಳೆದ ಮರುವಾರ, ಚರ್ಚಿನಲ್ಲಿ ಪಾಸ್ಟರಾಗಿ ನಾನು ಹಂಚುತ್ತಿದ್ದ ಕರ್ತನ ಭೋಜನದ ದ್ರಾಕ್ಷಾರಸದ ಬಟ್ಟಲು ನನ್ನ ಎಡಗೈಯಿಂದ ಜಾರಿ ಬಿತ್ತು. ಕೈ ಜೋಮು ಹಿಡಿದಿತ್ತು. ಗುಂಡ್ಲುಪೇಟೆಯ ಡಾಕ್ಟರು ತಲೆಯಲ್ಲಿ ಗಂಟಿರಬಹುದು, ಚಾಮರಾಜನಗರಕ್ಕೆ ಹೋಗಿ ಸ್ಕ್ಯಾನ್ ಮಾಡಿಸಿ ಎಂದರು.

ಸಭೆಯವರಿಗೆ ನಾನು ಹೇಳಲಿಲ್ಲ. ಸಾವಿಗೆ ಅಂಜಬೇಡಿ ಎಂದು ಎಷ್ಟೋ ಶವಪೆಟ್ಟಿಗೆಗಳ ಮುಂದೆ ನಿಂತು ಹೇಳಿದವನು, ನಾನೇ ಅಂಜಿದೆ ಅಂತ ಹೇಗೆ ಹೇಳಲಿ? ಪ್ರಿಯರೇ, ಈ ತಪ್ಪು ನೀವು ಮಾಡಬೇಡಿ. ಸ್ಕ್ಯಾನಿಗೆ ಒಬ್ಬರೇ ಹೋಗಬೇಡಿ.

ತೆರಕಣಾಂಬಿಯಲ್ಲಿ ಬಸ್ಸಿಗೆ ಗೌಸ್ ಭಾಯಿ ಹತ್ತಿದ. ಪಾಸ್ಟರ್ ಆಗುವ ಮುಂಚೆ ನಾನು ದನದ ಸಂತೆಯ ದಲ್ಲಾಳಿ; ಅವನು ನನ್ನ ಜೋಡಿ. ಟವೆಲ್ಲಿನ ಕೆಳಗೆ ಕೈ ಹಿಡಿದು, ಬೆರಳು ಒತ್ತಿ, ಸುತ್ತ ನಿಂತವರಿಗೆ ಗೊತ್ತಾಗದ ಹಾಗೆ ಎತ್ತಿನ ಬೆಲೆ ಕುದುರಿಸುತ್ತಿದ್ದೆವು. ಬೆಲೆ ಒಪ್ಪದಿದ್ದರೆ ಕೈ ಕಿತ್ತುಕೊಳ್ಳುವುದು ಪದ್ಧತಿ.

"ಏನ್ ಪಾಸ್ಟ್ರೆ, ಲಾಳ ಒಡ್ಯಕ್ಕೆ ಕೆಡವಿದ್ ಎತ್ತಿನಂಗ್ ಆಗಿದ್ದೀರಿ?" ಅಂದ. ಹೇಳಿಬಿಟ್ಟೆ. ತನ್ನ ಕೆಲಸ ಬಿಟ್ಟು ನನ್ನ ಜೊತೆಯೇ ಬಂದ.

ಚಾಮರಾಜನಗರದ ಆಸ್ಪತ್ರೆಯಲ್ಲಿ ಮಲಗಿಸಿ, ತಲೆ ಅಲುಗದಂತೆ ಮುಖಕ್ಕೆ ಪಂಜರ ಹಾಕಿದರು. ತಡೆಯಲಾಗದಿದ್ದರೆ ಹಿಸುಕಿ ಎಂದು ಬಲಗೈಗೆ ರಬ್ಬರ್ ಚೆಂಡು ಕೊಟ್ಟು ಗೂಡಿನಂಥ ಯಂತ್ರದೊಳಗೆ ತಳ್ಳಿದರು. ಮೂಗಿನಿಂದ ಗೇಣು ದೂರದಲ್ಲಿ ಗೋಡೆ. ಕರ್ತನೇ, ಇಪ್ಪತ್ತು ವರ್ಷ ಕೊಡು, ಹೊಸ ಪ್ರಾರ್ಥನಾ ಮಂದಿರ ಕಟ್ಟಿಸುತ್ತೇನೆ ಎಂದೆ. ಹದಿನೈದು ಎಂದೆ. ಹತ್ತಕ್ಕೆ ಇಳಿದೆ. ಉಸಿರು ಕಟ್ಟಿ ಚೆಂಡು ಹಿಸುಕಿದೆ, ಹೊರಗೆ ಎಳೆದರು. ಎರಡನೇ ಸಲವೂ ಅದೇ ಆಯಿತು. ಇನ್ನೊಮ್ಮೆ ಹಿಸುಕಿದರೆ ಇವತ್ತು ಆಗುವುದಿಲ್ಲ ಸಾರ್, ಸಾಲಿನಲ್ಲಿ ಜನ ಇದ್ದಾರೆ ಎಂದ ಸ್ಕ್ಯಾನಿನ ಹುಡುಗ.

ಆಗ ಕೇಳಿದ್ದು ಇಷ್ಟೇ: ಕರ್ತನೇ, ವರ್ಷದ ಮಾತು ಬೇಡ. ಒಳಗೆ ನನ್ನನ್ನು ಒಬ್ಬನೇ ಬಿಡಬೇಡ.

ಗೌಸ್ ಭಾಯಿ ಹೊರಗೆ ಆ ಹುಡುಗನ ಜೊತೆ ವಾದ ಹಾಕಿ, ಲೋಹ ಒಳಗೆ ಒಯ್ಯಬಾರದೆಂದು ಬೆಲ್ಟು ಉಂಗುರ ಬಿಚ್ಚಿಟ್ಟು ಒಳಗೆ ಬಂದ. ನನ್ನ ಎಡಗೈ ಮೇಲೆ ಟವೆಲ್ ಹಾಸಿ, ಕೆಳಗೆ ಕೈ ಹಿಡಿದ. "ಸುಮ್ಕೆ ಮಲಿಕೊಳ್ಲಾ. ನಾನ್ ಬುಡಕ್ಕಿಲ್ಲ," ಅಂದ. ನಾನು ಪಾಸ್ಟರ್ ಆದ ಮೇಲೆ ಅವನು ಹಳೇ ಸಲಿಗೆಯಲ್ಲಿ 'ಲಾ' ಅಂದದ್ದು ಅದೇ ಮೊದಲು.

ಯಂತ್ರ ಬಡಿಯತೊಡಗಿತು. ಅಭ್ಯಾಸಬಲ, ಜೋಮಿನ ಕೈಯಲ್ಲೇ ನಾನು ಅವನ ಬೆರಳು ಒತ್ತಿದೆ. ಅವನು ತಿರುಗಿ ಒತ್ತಲಿಲ್ಲ. ಕೈಯನ್ನೂ ಕಿತ್ತುಕೊಳ್ಳಲಿಲ್ಲ. ಇಷ್ಟು ವರ್ಷ ದೇವರ ಜೊತೆ ನಾನು ಸಂತೆಯನ್ನೇ ನಡೆಸಿದ್ದೆ ಎಂದು ಆಗ ತಿಳಿಯಿತು. ಮೂರನೇ ಸಲ ಚೆಂಡು ಹಿಸುಕಲಿಲ್ಲ.

ಗಂಟು ಇದೆ. ಕೆಟ್ಟದ್ದಲ್ಲವಂತೆ, ಆದರೆ ಆರು ತಿಂಗಳಿಗೊಮ್ಮೆ ಆ ಗೂಡಿಗೆ ಹೋಗಲೇಬೇಕು. ಹೋಗುತ್ತೇನೆ. ಕೇಳಿದ್ದನ್ನು ಕೊಟ್ಟ ಕರ್ತನಿಗೆ ಸ್ತೋತ್ರ.

ಮೊನ್ನೆ ಭೀಮನಬೀಡಿನಲ್ಲಿ ಹಾಸಿಗೆ ಹಿಡಿದ ನಮ್ಮ ಸಭೆಯ ಅಜ್ಜಿಯನ್ನು ನೋಡಲು ಹೋಗಿದ್ದೆ. ಮೊದಲಾಗಿದ್ದರೆ ಗಟ್ಟಿಯಾಗಿ ಪ್ರಾರ್ಥನೆ ಮಾಡಿ ಬಸ್ಸಿನ ಹೊತ್ತು ನೋಡುತ್ತಿದ್ದೆ. ಈ ಸಲ ಕಂಬಳಿಯ ಕೆಳಗೆ ಅವರ ಕೈ ಹಿಡಿದು ಕೂತೆ. ಬಸ್ಸು ಹೋಯಿತು. ಅಜ್ಜಿ ಬಿಡಲಿಲ್ಲ, ನಾನೂ ಬಿಡಿಸಿಕೊಳ್ಳಲಿಲ್ಲ.