ಟವರ್ ಸ್ಪೀಕರಿನಲ್ಲಿ ಕೇಳದ ಕಂಸಾಳೆ

ಟೇಪ್‌ರೆಕಾರ್ಡರ್ ಆಗಲಿ, ಸ್ಪೀಕರ್ ಆಗಲಿ ಕೊಳ್ಳುವವರು ನನ್ನನ್ನು ಜೊತೆಗೆ ಕರೆದುಕೊಂಡು ಹೋಗುವ ರೂಢಿ ನಮ್ಮ ಕಡೆ ಹನ್ನೆರಡು ಹದಿಮೂರು ವರ್ಷ ನಡೆಯಿತು. ಎಂಬತ್ತರ ದಶಕದ ಕೊನೆಗೆ ಹನೂರಿನ ಹೈಸ್ಕೂಲಿಗೆ ವಿಜ್ಞಾನದ ಮೇಷ್ಟ್ರಾಗಿ ಬಂದಾಗ ನನಗಿನ್ನೂ ಮದುವೆಯಾಗಿರಲಿಲ್ಲ. ಸಂಜೆ ಹೋಗಲು ಬೇರೆ ಜಾಗವಿಲ್ಲದೆ ಮೈಕ್ ಸೆಟ್ ರಿಪೇರಿ ಅಂಗಡಿಯಲ್ಲಿ ಕೂತಿರುತ್ತಿದ್ದೆ. ರಿಪೇರಿಗೆ ಬಂದ ಬಾಕ್ಸುಗಳನ್ನು ಬಿಚ್ಚುವ ಮೊದಲೇ, ಇದರ ಕಾಗದದ ಕೋನು ಹರಿದಿದೆ, ಇದರೊಳಗೆ ತಂತಿ ಉಜ್ಜುತ್ತಿದೆ ಎಂದು ಕೇಳಿಯೇ ಹೇಳುತ್ತಿದ್ದೆ. ಹತ್ತರಲ್ಲಿ ಒಂಬತ್ತು ಸಲ ಅದು ನಿಜವಾಗಿರುತ್ತಿತ್ತು. ಅಷ್ಟು ಸಾಕಾಯಿತು. "ಮೇಷ್ಟ್ರ ಕಿವಿ ಅಂದ್ರೆ ಕಿವಿ ಕಣ್ಲಾ" ಎಂಬ ಮಾತು ಹನೂರಿನಿಂದ ಕೊಳ್ಳೇಗಾಲಕ್ಕೆ, ನಾನು ವರ್ಗವಾದ ಮೇಲೆ ಯಳಂದೂರಿಗೂ ನನಗಿಂತ ಮುಂಚೆ ತಲುಪಿತ್ತು.

ನಾನು ನೋಡಲು ಚೆಲುವನಲ್ಲ, ಮಾತುಗಾರನಲ್ಲ, ಪಾಠವನ್ನೂ ಸುಮಾರಾಗಿ ಮಾಡುತ್ತಿದ್ದೆ. ನಾಲ್ಕು ಜನ ನನ್ನನ್ನು ಹುಡುಕಿಕೊಂಡು ಬರುತ್ತಿದ್ದದ್ದು ಈ ಕಿವಿಗಾಗಿ. ಆ ಕಿವಿ ಹೋಗುತ್ತಿದೆ ಎಂಬುದು ತಿಳಿದಾಗ ನಾನು ಮಾಡಿದ್ದನ್ನು ಬರೆಯಲು ಇಷ್ಟು ವರ್ಷ ಬೇಕಾಯಿತು.

ಮೊದಲು ಹೋದದ್ದು ಸಣ್ಣ, ಚೂಪು ಶಬ್ದಗಳು. ಆಗ ಕೊಳ್ಳೇಗಾಲದಲ್ಲಿ ಮನೆ ಮಾಡಿಕೊಂಡು ದಿನಾ ಬಸ್ಸಿನಲ್ಲಿ ಯಳಂದೂರಿಗೆ ಹೋಗಿಬರುತ್ತಿದ್ದೆ. ಕಂಡಕ್ಟರುಗಳು ಯಾಕೋ ಈಚೆಗೆ ವಿಷಲ್ ಊದುವುದನ್ನೇ ಬಿಟ್ಟಿದ್ದಾರಲ್ಲ ಅನ್ನಿಸಿತು. ಒಂದು ದಿನ ಪಕ್ಕದಲ್ಲೇ ನಿಂತಿದ್ದ ಕಂಡಕ್ಟರು ಕೆನ್ನೆ ಉಬ್ಬಿಸಿ ಊದುತ್ತಿರುವುದನ್ನು ಕಂಡೆ. ಬಸ್ಸು ಹೊರಟಿತು. ನನಗೆ ಏನೂ ಕೇಳಿಸಲಿಲ್ಲ. ಶೀತವಿರಬೇಕು, ಕಿವಿಯಲ್ಲಿ ಗುಗ್ಗೆ ಕಟ್ಟಿರಬೇಕು ಎಂದುಕೊಂಡು ಬಿಸಿ ಎಣ್ಣೆ ಬಿಟ್ಟುಕೊಂಡೆ. ತಿಂಗಳುಗಟ್ಟಲೆ ಬಿಟ್ಟುಕೊಂಡೆ. ತರಗತಿಯಲ್ಲಿ ಹೆಣ್ಣುಮಕ್ಕಳ ಉತ್ತರ ಕೇಳಿಸದೆ, "ಬೋರ್ಡಿನ ಮೇಲೆ ಬರಿ" ಎನ್ನುವುದನ್ನು ಅಭ್ಯಾಸ ಮಾಡಿಕೊಂಡೆ. ಹೆಂಡತಿಗೆ ಹೇಳಲಿಲ್ಲ. ಅವಳು ಒಳಗಿನಿಂದ ಕೂಗಿದಾಗ ಓಗೊಡದಿದ್ದರೆ ನನಗೆ ಅಹಂಕಾರ ಎಂದೇ ತಿಳಿದಿದ್ದಳು. ಹಾಗೆ ತಿಳಿಯಲಿ ಎಂದು ಬಿಟ್ಟಿದ್ದೆ.

ಹೀಗಿರುವಾಗ ಹನೂರಿನ ಹತ್ತಿರದ ಶಾಗ್ಯದಿಂದ ನನ್ನ ಸ್ನೇಹಿತ ಬಂದ. ಅರಿಶಿನ ಬೆಳೆಯುವ ರೈತ, ನನ್ನದೇ ವಯಸ್ಸಿನವನು, ಹನೂರಿನ ದಿನಗಳಿಂದ ಪರಿಚಯ. ಹೊಸ ಮನೆ ಕಟ್ಟಿಸಿದ್ದ. ಹಾಲಿನಲ್ಲಿ ದೊಡ್ಡ ಟಿ.ವಿ. ಬಂದಿತ್ತು, ಹೋಂ ಥಿಯೇಟರ್ ಬೇಕಾಗಿತ್ತು.

"ಅಂಗ್ಡಿಲಿ ಐದು ಚಿಕ್ಕ್ ಡಬ್ಬ, ಒಂದು ದೊಡ್ ಡಬ್ಬ ಕೊಡ್ತೀವಿ ಅಂತರೆ ಮೇಷ್ಟ್ರೇ. ಅದು ಪಿಚ್ಚರ್‌ಗೆ ಸರಿ. ಆಡು ಕೇಳಕೆ ನೆಲ್ದ್ ಮೇಲೆ ನಿಲ್ತವಲ್ಲ, ಉದ್ದುಕೆ, ಟವರ್ ಸ್ಪೀಕರು, ಅವೇ ಬೇಕು ಅಂತ ನಂಗೆ. ನೀವ್ ಬಂದು ಆರಿಸ್ಕೊಡ್ಬೇಕು."

ಅಷ್ಟು ಹೇಳಿ, "ಅಪ್ಪಯ್ಯನ ಕ್ಯಾಸೆಟ್ಟು ಅದ್ರಲ್ಲಿ ಆಕ್ಬೇಕು. ಅವ್ವ ಕೇಳ್ತ ಅವ್ಳೆ" ಎಂದ.

ಅವನ ಅಪ್ಪ ಮಾದೇಶ್ವರನ ಗುಡ್ಡ, ಎಂದರೆ ದೀಕ್ಷೆ ಪಡೆದ ಭಕ್ತರು, ಕಂಸಾಳೆಯವರು. ಒಂದು ಕೈಯಲ್ಲಿ ಕಂಚಿನ ಬಟ್ಟಲು, ಇನ್ನೊಂದು ಕೈಯಲ್ಲಿ ಅದಕ್ಕೆ ಬಡಿಯುವ ತಾಳ. ಅದರ ಜೊತೆ ಹಾಡು. ಮಾದೇಶ್ವರನ ಬೆಟ್ಟಕ್ಕೆ ನಡೆದು ಹೋಗುವ ಜನ ಅವರ ಮನೆಯ ಜಗಲಿಯ ಮುಂದೆ ನಿಂತು ಕೇಳಿ ಮುಂದಕ್ಕೆ ಹೋಗುತ್ತಿದ್ದರು. ಹನೂರಿನಲ್ಲಿದ್ದಾಗ ಒಂದು ಭಾನುವಾರ ನನ್ನ ಟೇಪ್‌ರೆಕಾರ್ಡರನ್ನು ಶಾಗ್ಯಕ್ಕೆ ಒಯ್ದು, ಅದೇ ಜಗಲಿಯ ಮೇಲೆ ಅವರ ಹಾಡನ್ನು ಒಂದೂವರೆ ಗಂಟೆ ಹಿಡಿದಿದ್ದೆ. ಮರುವರ್ಷ ಅವರು ತೀರಿಕೊಂಡರು. ಒಂದು ಪ್ರತಿ ಸ್ನೇಹಿತನಿಗೆ ಕೊಟ್ಟು, ಮೂಲವನ್ನು ನಾನೇ ಇಟ್ಟುಕೊಂಡಿದ್ದೆ.

ಅವತ್ತೇ ಹೇಳಬಹುದಿತ್ತು. "ನನ್ನ ಕಿವಿ ಸರಿಯಿಲ್ಲ, ಬೇರೆಯವರನ್ನು ಕರೆದುಕೊಂಡು ಹೋಗು" ಎಂಬ ಒಂದು ಮಾತು. ಅದನ್ನು ಹೇಳುವ ಬದಲು ಅಂಗಿ ಬದಲಿಸಿಕೊಂಡು ಅವನ ಜೊತೆ ಹೊರಟೆ.

ಅಂಗಡಿ ಕೊಳ್ಳೇಗಾಲದಲ್ಲೇ ಇತ್ತು. ಮಾಲೀಕ ನನ್ನನ್ನು ಬಲ್ಲವನು. ಗ್ಲಾಸಿನ ಬಾಗಿಲು ಹಾಕಿ, ಫ್ಯಾನು ನಿಲ್ಲಿಸಿ, ಎರಡು ಜೊತೆ ಟವರ್ ಸ್ಪೀಕರುಗಳನ್ನು ಗೋಡೆಗೆ ಸಾಲಾಗಿ ನಿಲ್ಲಿಸಿದ. ಒಂದು ಜೊತೆ ತೇಗದ ಬಣ್ಣದ್ದು, ಸಪೂರ. ಇನ್ನೊಂದು ಕಪ್ಪು, ನನ್ನ ಎದೆಯ ಎತ್ತರ, ಮುಂದೆ ಬಟ್ಟೆಯ ಜಾಲರಿ, ಮೇಲ್ತುದಿಯಲ್ಲಿ ಬೆಳ್ಳಿ ಬಣ್ಣದ ಪುಟ್ಟ ಗುಂಡಿಯಂಥ ಟ್ವೀಟರು, ತಾಳ ಗೆಜ್ಜೆಗಳಂಥ ಚೂಪು ದನಿ ಬರುವುದು ಅದರಿಂದ. ಮೊದಲು ಇಂಗ್ಲಿಷ್ ಸಿನಿಮಾದ ಹೆಲಿಕಾಪ್ಟರ್ ಹಾಕಿದ, ಆಮೇಲೆ ಒಂದು ಹಾಡು. ಒಂದು ಸಲ ತೇಗದ್ದು, ಒಂದು ಸಲ ಕಪ್ಪು.

ಎರಡೂ ನನಗೆ ಒಂದೇ ಥರ ಕೇಳಿದವು. ಎರಡೂ ಕಂಬಳಿ ಹೊದ್ದುಕೊಂಡು ಹಾಡಿದ ಹಾಗೆ. ಹಾಡಿನಲ್ಲಿ ಗೆಜ್ಜೆ ಇತ್ತೋ ಇಲ್ಲವೋ, ಹಾಡುವವಳು 'ಸ' ಅಂದಳೋ 'ಹ' ಅಂದಳೋ ಗೊತ್ತಾಗಲಿಲ್ಲ. ಸ್ನೇಹಿತನ ಮುಖ ನೋಡಿದೆ, ಅವನು ನನ್ನ ಮುಖ ನೋಡುತ್ತಿದ್ದ. ಮಾಲೀಕನ ಮುಖ ನೋಡಿದೆ, ಅವನೂ ನನ್ನನ್ನೇ ನೋಡುತ್ತಿದ್ದ. ತಪ್ಪಿಸಿಕೊಳ್ಳಲು ಎದ್ದು ಹೋಗಿ ಪೆಟ್ಟಿಗೆಗಳ ಮೇಲೆ ಕೈ ಇಟ್ಟೆ. ಕಪ್ಪು ಪೆಟ್ಟಿಗೆ ಅಂಗೈಯಲ್ಲಿ ಚೆನ್ನಾಗಿ ಅದುರುತ್ತಿತ್ತು. ಆ ಅದುರು ಎದೆಗೂ ತಾಗುತ್ತಿತ್ತು. ನನಗೆ ಸಿಕ್ಕಿದ್ದು ಅದೊಂದೇ.

"ಏನಂತೀರಿ ಸಾ?" ಎಂದ ಮಾಲೀಕ.

"ಕಪ್ಪುದೇ ಇರ್ಲಿ" ಎಂದೆ. ಅಷ್ಟಕ್ಕೇ ನಿಲ್ಲಿಸಲಿಲ್ಲ. "ಹೊಸ ಮನೆ ಹಾಲು ದೊಡ್ಡದು, ನೆಲಕ್ಕೆ ಗ್ರಾನೈಟು. ಸಪೂರದ್ದು ಹಾಕುದ್ರೆ ದನಿ ಚೀರ್ತದೆ. ಇದು ತೂಕವಾಗಿ ಅದೆ, ಮೇಲಿನ ದನಿನೂ ಬಲು ನಯ" ಎಂದು ಸೇರಿಸಿದೆ. ಕೇಳಿಸದ ದನಿಯನ್ನು ನಯ ಎಂದೆ. ಸ್ನೇಹಿತ ಖುಷಿಯಿಂದ ನನ್ನ ಬೆನ್ನು ಮುಟ್ಟಿದ.

ಮುಂದಿನ ಭಾನುವಾರ ಶಾಗ್ಯದಲ್ಲಿ ಜೋಡಣೆ. ಹಿಂದೆ ಎರಡು ಚಿಕ್ಕವು, ನಡುವೆ ಒಂದು, ಮುಂದೆ ಟಿ.ವಿ.ಯ ಎಡಬಲಕ್ಕೆ ಟವರುಗಳು. ಗೋಡೆಯಿಂದ ಎಷ್ಟು ದೂರ ಇರಬೇಕು, ಎಷ್ಟು ಒಳಮುಖ ತಿರುಗಿಸಬೇಕು ಎಂಬುದನ್ನೆಲ್ಲ ನಾನೇ ನಿಂತು ಹೇಳಿದೆ. ಸಿನಿಮಾದ ತುಣುಕು ಹಾಕಿದಾಗ ಮನೆಯವರೆಲ್ಲ ಬೆಚ್ಚಿ ನಕ್ಕರು. ಆಮೇಲೆ ಸ್ನೇಹಿತ ಕ್ಯಾಸೆಟ್ ಡೆಕ್ಕಿನ ವಯರು ಚುಚ್ಚಿ ಅಪ್ಪನ ಕ್ಯಾಸೆಟ್ಟು ಹಾಕಿದ. ಅವನ ಅವ್ವ ಟವರುಗಳ ಎದುರಿಗೆ ನೆಲದ ಮೇಲೆ ಕಾಲು ಚಾಚಿ ಕೂತಳು.

ದನಿ ಬಂತು. ನನಗೂ ಕೇಳಿಸಿತು, ಆ ದಪ್ಪ ಗಂಡು ದನಿ. ಅವ್ವ ಕಣ್ಣು ಮುಚ್ಚಿದಳು. ಸ್ವಲ್ಪ ಹೊತ್ತಿಗೆ ತೆರೆದು ಮಗನ ಕಡೆ ತಿರುಗಿದಳು.

"ಕಂಸಾಳೆ ಎಲ್ಲ್ಯಪ್ಪಾ?"

"ಅದೆ ಕನವ್ವ, ಕೇಳು."

"ಇಲ್ಲ ಕನ್ಮಗ. ಬರೀ ಮಾತು ಬತ್ತದೆ. ಕೈ ಎಲ್ಲಿ? ನಿಮ್ಮಪ್ಪನ ಕೈ ಎಲ್ಲಿ?"

ಸ್ನೇಹಿತ ಕಿವಿಗೊಟ್ಟ. ಅವನ ಹೆಂಡತಿಯೂ ಹತ್ತಿರ ಬಂದು ನಿಂತಳು. "ಹೂಂ ಕಣ್ರಿ, ಎಲ್ಲೋ ಬಾವಿಯೊಳಗೆ ಬಡ್ದಂಗೆ ಅದೆ" ಎಂದಳು. ಸ್ನೇಹಿತ ನನ್ನ ಕಡೆ ನೋಡಿದ. "ಏನಾಯ್ತು ಮೇಷ್ಟ್ರೇ?"

ಏನು ಹೇಳಲಿ? ನನಗೆ ಕಂಸಾಳೆ ಕೇಳಿಸದೆ ಇದ್ದದ್ದು ನನ್ನ ಕಿವಿಯಿಂದ ಎಂದೇ ನಾನು ತಿಳಿದಿದ್ದೆ. ಅವರಿಗೂ ಕೇಳಿಸುತ್ತಿಲ್ಲ ಎಂದರೆ ಸ್ಪೀಕರಿನದೇ ದೋಷ. ನಾನು ಆರಿಸಿದ ಸ್ಪೀಕರು.

"ಕ್ಯಾಸೆಟ್ ಹಳೇದು. ಇಷ್ಟ್ ವರ್ಷ ಇಟ್ರೆ ಮೇಲಿನ ದನಿ ಅಳಿಸೋಗ್ತದೆ. ಇನ್ನು ಬರಲ್ಲ" ಎಂದೆ.

"ಬರದೇ ಇಲ್ವ?" ಎಂದಳು ಅವ್ವ.

"ಬರಲ್ಲ ಕನವ್ವ."

ಅವಳು ಜೋರಾಗಿ ಅಳಲಿಲ್ಲ. ಸೆರಗಿನಿಂದ ಬಾಯಿ ಒತ್ತಿಕೊಂಡು, ಎದ್ದು ಅಡುಗೆಮನೆಗೆ ಹೋದಳು. ನನಗೆ ಊಟಕ್ಕೆ ಎಲೆ ಹಾಕಿದರು. ಉಂಡೆ.

ಮನೆಗೆ ಬಂದವನೇ ಬೀರುವಿನಿಂದ ಮೂಲ ಕ್ಯಾಸೆಟ್ಟು ತೆಗೆದು ಹಳೆಯ ಟೇಪ್‌ರೆಕಾರ್ಡರಿಗೆ ಹಾಕಿ ಹೆಂಡತಿಯನ್ನು ಕರೆದೆ.

"ಇದ್ರಲ್ಲಿ ಕಂಸಾಳೆ ಕೇಳ್ತದಾ?"

"ಅಯ್ಯೋ, ಕೇಳ್ದೆ ಏನ್ರಿ? ಕಿವಿಗೆ ಚುಚ್ಚ್ತದೆ" ಎಂದಳು.

ದನಿ ಏರಿಸಿದೆ. ಇನ್ನೂ ಏರಿಸಿದೆ. ಬಗ್ಗಿ ಸ್ಪೀಕರಿಗೆ ಬಲಗಿವಿ ಒತ್ತಿದೆ, ಆಮೇಲೆ ಎಡಗಿವಿ. ಎಡಗಿವಿಯಲ್ಲಿ ಹಾಡಿನ ಮಾತುಗಳೂ ಇರಲಿಲ್ಲ, ಗುಂಯ್ ಎನ್ನುವ ಒಂದು ಗಾಳಿ ಮಾತ್ರ. ಜಗಲಿಯ ಮೇಲೆ ಅವರ ಮೊಣಕಾಲಿಗೆ ಮೈಕು ತಾಗುವಷ್ಟು ಹತ್ತಿರ ಹಿಡಿದು ಕೂತಿದ್ದವನು ನಾನು. ತಾಳ ಬಟ್ಟಲಿಗೆ ಬಿದ್ದಾಗಲೆಲ್ಲ ನನ್ನ ಹಲ್ಲು ಜುಮ್ಮೆನ್ನುತ್ತಿತ್ತು. ಅದನ್ನು ನೆನಪಿನಿಂದ ಎಳೆದು ತರಲು ನೋಡಿದೆ. ಅದೂ ಬರಲಿಲ್ಲ. ನಾನು ಅದೇ ಸ್ಪೀಕರಿನ ಮೇಲೆ ತಲೆಯಿಟ್ಟು ಅಳುವುದನ್ನು ಹೆಂಡತಿ ನೋಡಿದಳು. ಮೊದಲು ಹೆದರಿದಳು, ಆಮೇಲೆ ಟೇಪು ನಿಲ್ಲಿಸಿ ನನ್ನ ಬೆನ್ನ ಹಿಂದೆ ಹೋಗಿ ಏನೋ ಹೇಳಿದಳಂತೆ. ನಾನು ತಿರುಗಲಿಲ್ಲ. ಮುಂದೆ ಬಂದು ಕೂತಳು.

"ಎಷ್ಟ್ ದಿನದಿಂದ?"

"ಎರಡ್ ವರ್ಷ."

"ಎರಡ್ ವರ್ಷದಿಂದ ನಾನು ಗೋಡೆ ಜೊತೆ ಮಾತಾಡ್ತಿದ್ನಾ?" ಎಂದಳು. ಅವಳ ತುಟಿ ನೋಡಿ ನನಗೆ ಪೂರ್ತಿ ತಿಳಿಯಿತು.

ಮೈಸೂರಿನ ಡಾಕ್ಟರು ಗ್ಲಾಸಿನ ಕೋಣೆಯಲ್ಲಿ ಕೂರಿಸಿ, ಶಬ್ದ ಕೇಳಿದಾಗ ಗುಂಡಿ ಒತ್ತಿ ಎಂದರು. ಅರ್ಧಕ್ಕಿಂತ ಹೆಚ್ಚು ಹೊತ್ತು ಗುಂಡಿಯ ಮೇಲೆ ಬೆರಳಿಟ್ಟುಕೊಂಡು ಸುಮ್ಮನೆ ಕೂತಿದ್ದೆ. ನರದ ದೋಷ, ಔಷಧಿಯಿಲ್ಲ, ಕಿವಿ ಕೇಳುವುದು ಇನ್ನೂ ಇಳಿಯುತ್ತದೆ ಎಂದು ಕಾಗದದ ಮೇಲೆ ಬರೆದು ತೋರಿಸಿದರು. ಮೊದಲೇ ಬಂದಿದ್ದರೆ ಎಂದು ಹೆಂಡತಿ ಕೇಳಿದ್ದಕ್ಕೆ, ಮೊದಲೇ ಬಂದಿದ್ದರೂ ಅಷ್ಟೇ ಎಂದರಂತೆ. ಅದು ಸಮಾಧಾನದ ಮಾತು ಅಂತ ಅವಳು ಹೇಳಿದಳು. ನನಗೆ ಹಾಗೆ ಅನ್ನಿಸಲಿಲ್ಲ.

ಶಾಗ್ಯಕ್ಕೆ ಹೋಗಲೇಬೇಕೆಂದು ಹಟ ಹಿಡಿದವಳು ಅವಳೇ. "ಆ ಅಜ್ಜಿಗೆ ಗಂಡನ ಕೈ ಅಳಿಸೋಯ್ತು ಅಂತ ಯೋಳಿ ಬಂದಿದ್ದೀರಿ. ನೀವು ಓಗ್ದಿದ್ರೆ ನಾನೊಬ್ಳೇ ಓಗ್ತೀನಿ" ಎಂದಳು. ಹೋದೆವು. ಹಾಲಿನಲ್ಲಿ ನಿಂತೇ ಹೇಳಿದೆ: ಕ್ಯಾಸೆಟ್ಟು ಸರಿಯಾಗಿದೆ, ನನಗೆ ಕಿವಿ ಕೇಳುವುದಿಲ್ಲ, ಅಂಗಡಿಯಲ್ಲಿ ಸುಳ್ಳು ಹೇಳಿದೆ, ಇಲ್ಲೂ ಸುಳ್ಳು ಹೇಳಿದೆ.

ಸ್ನೇಹಿತ ನನ್ನ ಮುಖಕ್ಕೆ ಹತ್ತಿರ ಬಂದು, ಕೇಳಿಸಲಿ ಎಂದೇ ಗಟ್ಟಿಯಾಗಿ ಹೇಳಿದ: "ಕಿವಿ ಓಗಿದ್ದು ನಿಮ್ಮ್ ತಪ್ಪಲ್ಲ ಮೇಷ್ಟ್ರೇ. ನಮ್ಮವ್ವುನ್ ಮುಂದೆ ಅಂಗಂದ್ರಲ್ಲ, ಅದು ನಿಮ್ಮ್ ತಪ್ಪು."

ಅವತ್ತು ಮಧ್ಯಾಹ್ನವೇ ಸ್ಪೀಕರುಗಳನ್ನು ಟೆಂಪೋದಲ್ಲಿ ಹಾಕಿಕೊಂಡು ಕೊಳ್ಳೇಗಾಲಕ್ಕೆ ಬಂದೆವು. ಅವ್ವನೂ ಹಟಮಾಡಿ ಬಂದಳು. ಅಂಗಡಿಯ ಮಾಲೀಕ, "ಆವತ್ತು ನೀವೇ ಕೇಳಿ ಒಪ್ಪುದ್ರಲ್ಲ ಸಾ" ಎಂದು ನನ್ನನ್ನು ನೋಡಿದ. ಅವನ ಮೆಕ್ಯಾನಿಕ್ಕು ಜಾಲರಿ ಕಿತ್ತು ನೋಡಿದರೆ, ಮೇಲಿನ ಆ ಬೆಳ್ಳಿ ಗುಂಡಿಗೆ ವಯರೇ ಇಲ್ಲ. ಎಲ್ಲೋ ಯಾರೋ ಜೋಡಿಸಿ ಕಳಿಸಿದ ಪೆಟ್ಟಿಗೆ. ಟ್ವೀಟರು ಬರೀ ಅಂದಕ್ಕೆ ಅಂಟಿಸಿದ್ದು. ಮಾಲೀಕನಿಗೂ ಗೊತ್ತಿರಲಿಲ್ಲ. ಗೊತ್ತುಮಾಡಬೇಕಾದವನು ನಾನಾಗಿದ್ದೆ. ಹನೂರಿನ ದಿನಗಳಲ್ಲಾಗಿದ್ದರೆ ಹಾಡು ಶುರುವಾಗುವ ಮೊದಲೇ ಹಿಡಿದುಬಿಡುತ್ತಿದ್ದೆ.

ತೇಗದ ಬಣ್ಣದ ಜೊತೆಯನ್ನೂ, ಇನ್ನೊಂದು ಜೊತೆಯನ್ನೂ ಇಟ್ಟರು. ಮಾಲೀಕ ಹೆಲಿಕಾಪ್ಟರ್ ಹಾಕಹೊರಟಾಗ ಅವ್ವ, "ಅದ್ನ ತಗದ್ಬುಡಪ್ಪ, ಇದ ಆಕು" ಎಂದು ಸೊಂಟದಿಂದ ಕ್ಯಾಸೆಟ್ಟು ತೆಗೆದು ಕೊಟ್ಟಳು. ಸ್ಟೂಲಿನ ಮೇಲೆ ಕೂತು ಎರಡನ್ನೂ ಕೇಳಿದಳು. ಎರಡನೆಯದಕ್ಕೆ, "ಇದು ತಗಡು ಬಡ್ದಂಗದೆ" ಎಂದಳು. ಮತ್ತೆ ಮೊದಲನೆಯದನ್ನು ಹಾಕಿಸಿದಳು. ಅವಳ ಬಲಗೈ ತೊಡೆಯ ಮೇಲೆ ತಾಳ ಹಾಕತೊಡಗಿತು. "ಇದೇ ಕನ್ಮಗ. ಇದ್ರಲ್ಲಿ ಕೈ ಅದೆ" ಎಂದಳು. ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅಂಗಡಿಯಲ್ಲಿದ್ದ ಅಷ್ಟೂ ಜನ ಒಂದನ್ನು ಕೇಳುತ್ತಿದ್ದರು. ನಾನು ಅವರ ಮುಖಗಳನ್ನು ನೋಡುತ್ತ ನಿಂತಿದ್ದೆ. ಆ ಐದು ನಿಮಿಷದ ಒಂಟಿತನವನ್ನು ಯಾವ ಶತ್ರುವಿಗೂ ಬಯಸಲಾರೆ.

ಮಾಲೀಕ ಮರುಮಾತಿಲ್ಲದೆ ಬದಲಾಯಿಸಿಕೊಟ್ಟ. ಸ್ನೇಹಿತ ಹೊರಡುವಾಗ ನನ್ನ ಕೈ ಹಿಡಿದ, ಆದರೆ ಮೊದಲಿನಂತೆ ಮನೆಗೆ ಬರುವುದನ್ನು ನಿಲ್ಲಿಸಿದ. ದಾರಿಯಲ್ಲಿ ಸಿಕ್ಕರೆ ನಿಂತು ಮಾತಾಡುತ್ತಾನೆ, ಅಷ್ಟೇ. ನಾನು ಅದಕ್ಕಿಂತ ಹೆಚ್ಚು ಕೇಳುವ ಹಾಗಿಲ್ಲ.

ಕಿವಿಗೆ ಮಿಷನ್ ಹಾಕಿಸಿಕೊಂಡೆ. ಅದು ಬಸ್ಸಿನ ಗದ್ದಲವನ್ನೂ ಪಾತ್ರೆಯ ಸದ್ದನ್ನೂ ಒಂದೇ ಸಮ ತಂದು ತಲೆಗೆ ಸುರಿಯುತ್ತಿತ್ತು. ಹೆಡ್‌ಮಾಸ್ಟರಿಗೂ ನಿಜ ಹೇಳಿದೆ. ಮುಂದಿನ ಬೆಂಚಿನಲ್ಲಿ ಕೂತವರು ಹೇಳಿದ್ದು ಅರ್ಧ ಕೇಳುತ್ತಿತ್ತು, ಉಳಿದದ್ದನ್ನು ಬೋರ್ಡಿನ ಮೇಲೆ ಬರೆಸಿ ಪಾಠ ನಡೆಸುತ್ತಿದ್ದೆ.

ಎರಡು ಸಾವಿರದ ನಾಲ್ಕರ ಬೇಸಿಗೆಯಲ್ಲಿ ಮಧುವನಹಳ್ಳಿಯಿಂದ ಒಬ್ಬ ಅಪರಿಚಿತ ಮನೆ ಹುಡುಕಿಕೊಂಡು ಬಂದ. ಮಗಳ ಮದುವೆ ಮುಗಿದಿದೆ, ಮನೆಗೆ ಟವರ್ ಸ್ಪೀಕರ್ ಕೊಳ್ಳಬೇಕು, ನೀವೇ ಬಂದು ಕೇಳಿ ಆರಿಸಿಕೊಡಬೇಕು ಎಂದು ಹೆಂಡತಿಯ ಮೂಲಕ ತಿಳಿಯಿತು.

"ನಂಗೆ ಕಿವಿ ಕೇಳಲ್ಲ" ಎಂದೆ.

ಅವನು ನಕ್ಕ. ನಾನು ತಪ್ಪಿಸಿಕೊಳ್ಳಲು ನೆವ ಹೇಳುತ್ತಿದ್ದೇನೆ ಎಂದುಕೊಂಡನೇನೋ. ಕೈಯಾಡಿಸಿ ಏನೋ ಹೇಳಿದ. ಹೆಂಡತಿ ಅವನಿಗೆ ಏನೋ ಬಿಡಿಸಿ ಹೇಳಿದಳು. ಅವನ ಮುಖ ಮೆಲ್ಲಗೆ ಬದಲಾಯಿತು. ಹೊರಡುವಾಗ ಬಾಗಿಲಲ್ಲಿ ತಿರುಗಿ ನಿಂತು ಮತ್ತೇನೋ ಅಂದ. ಏನೆಂದು ನಾನು ಹೆಂಡತಿಯನ್ನು ಕೇಳಲಿಲ್ಲ.