ಹುಣಸೆ ಕೊಂಬೆಯ ಗೋಣಿತಟ್ಟು

ಹಗ್ಗ ಹಳೆಯದಾಗಿರಲಿಲ್ಲ. ಹಸನಸಾಬ್ ಕಾಕಾನ ತಪ್ಪೂ ಇರಲಿಲ್ಲ. ಗೌರಕ್ಕ ಜೋಕಾಲಿಯಿಂದ ಬಿದ್ದು ಕಾಲು ಮುರಿದುಕೊಂಡದ್ದು ನನ್ನಿಂದ — ಆಮೇಲೆ ಊರವರೆದುರು ಸುಳ್ಳು ಹೇಳಿದವಳೂ ನಾನೇ. ಇಷ್ಟನ್ನು ಬರೆಯಲು ನನಗೆ ನಲವತ್ತು ವರ್ಷ ಬೇಕಾಯಿತು.

ನಮ್ಮೂರು ಶಿರಸಿ ತಾಲೂಕಿನ ಮೂಡಣ ಅಂಚಿನಲ್ಲಿ, ಗುಡ್ನಾಪುರದ ಕೆರೆಗೆ ನಡೆದು ಹೋಗುವಷ್ಟು ಹತ್ತಿರ. ಕರನಿರಾಕರಣೆಯ ಜಪ್ತಿಗಳೆಲ್ಲ ಮುಗಿದು ಎರಡು ಮೂರು ವರ್ಷಗಳಾಗಿದ್ದವು. ನನಗೆ ಆಗ ಹದಿನೈದು. ನಾಗರಪಂಚಮಿಗೆ ಕೊಟ್ಟ ಹೆಣ್ಣುಮಕ್ಕಳೆಲ್ಲ ತವರಿಗೆ ಬರುತ್ತಿದ್ದರು. ಊರ ಮುಂದಿನ ಹುಣಸೆ ಮರಕ್ಕೆ ಜೋಕಾಲಿ ಕಟ್ಟುತ್ತಿದ್ದರು. ಹಗ್ಗ ಗಾಡಿಯ ಹಸನಸಾಬನದು. ನಮ್ಮೂರಿನ ಅಕ್ಕಿ, ಬೆಲ್ಲ ಶಿರಸಿ ಪೇಟೆಗೆ ಹೋಗುತ್ತಿದ್ದುದೂ ಅವನ ಗಾಡಿಯಲ್ಲೇ. ಪಂಚಮಿಗೆಂದು ಪ್ರತಿ ವರ್ಷ ಹೊಸ ಹಗ್ಗ ಹೊಸೆಯುತ್ತಿದ್ದ, ಹಬ್ಬ ಮುಗಿದ ಮೇಲೆ ಅದನ್ನೇ ಗಾಡಿಗೆ ಬಳಸುತ್ತಿದ್ದ. ಆ ವರ್ಷ ಅವನು ಪುಂಡಿನಾರು ಹೊಸೆಯುವಾಗ ಇನ್ನೊಂದು ತುದಿ ಹಿಡಿದು ನಿಂತವಳು ನಾನು. ಅಂಗೈ ಕೆಂಪಾಗಿತ್ತು. ಆ ಹಸಿ ನಾರಿನ ವಾಸನೆ ಈಗಲೂ ನೆನಪಿದೆ.

ಕಾಕಾ ಮರ ಹತ್ತಿ, ಕೊಂಬೆಗೆ ಮೊದಲು ಗೋಣಿತಟ್ಟು ಹೊದಿಸಿ, ಅದರ ಮೇಲೆ ಹಗ್ಗದ ಕುಣಿಕೆ ಹಾಕಿದ. ತಟ್ಟಿನ ಅಂಚಿಗೆ ಅವನೇ ಹಾಕಿದ ಕೆಂಪು ದಾರದ ಹೊಲಿಗೆ.

"ಈ ತಟ್ಟಿಗೆ ಮಾತ್ರ ಯಾರೂ ಕೈ ಹಚ್ಚಬ್ಯಾಡ್ರಿ. ಹುಣಸಿ ತೊಗಟಿ ಭಾಳ ಬಿರುಸು, ಹಗ್ಗಾ ತಿಂದ ಬಿಡತೈತಿ."

ಎದುರಿನ ಕೊಂಬೆಗೆ ಒಂದು ಕೊಬ್ಬರಿ ಬಟ್ಟಲು ಕಟ್ಟುವುದು ನಮ್ಮೂರ ರೂಢಿ. ಜೋಕಾಲಿಯ ಮೇಲೆ ನಿಂತು ಜೀಕಿ ಅದನ್ನು ಕಾಲಿನಿಂದ ಮುಟ್ಟಿದವಳ ಹೆಸರು ಮುಂದಿನ ಪಂಚಮಿಯ ತನಕ ಎಲ್ಲರ ಬಾಯಲ್ಲಿ. ದೊಡ್ಡಪ್ಪನ ಮಗಳು ಗೌರಕ್ಕ ಹಿಂದಿನ ಎರಡು ವರ್ಷವೂ ಮುಟ್ಟಿದ್ದಳು. ನಾನು ಗೇಣಿನಷ್ಟು ಹಿಂದೆ ಉಳಿಯುತ್ತಿದ್ದೆ. ಹೊಟ್ಟೆಕಿಚ್ಚು — ಅದಕ್ಕೆ ಬೇರೆ ಹೆಸರು ಬೇಡ. ಜೋಕಾಲಿ ಎತ್ತರ ಏರದಂತೆ ಆ ತಟ್ಟೇ ಹಗ್ಗವನ್ನು ಹಿಡಿದು ನಿಲ್ಲಿಸುತ್ತದೆಂದು ಹೇಗೋ ತಲೆಗೆ ಹೊಕ್ಕಿತು. ಮೊದಲ ದಿನ ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ಮರ ಹತ್ತಿ, ಕುಣಿಕೆ ಎತ್ತಿ, ತಟ್ಟನ್ನು ಎಳೆದು ತೆಗೆದೆ. ಬುಡದ ಒದ್ದೆ ಕಲ್ಲಿನ ಮೇಲೆ ಹಾಸಿಕೊಂಡು ಕೂತೆ. ಎರಡು ದಿನ ಜೀಕಿದರೂ ಕೊಬ್ಬರಿ ನನ್ನ ಕಾಲಿಗೆ ಸಿಗಲಿಲ್ಲ.

ಮೂರನೆಯ ದಿನ ಗೌರಕ್ಕ ನಿಂತಳು. ಮೇಲೆ ಹೋದಾಗ ಮೊಣಕಾಲು ಮಡಿಸಿ ಕುಕ್ಕರಿಸುವುದು, ಕೆಳಗೆ ಬರುತ್ತಲೇ ಎದ್ದು ನಿಲ್ಲುವುದು — ಅವಳಿಗೆ ಅದು ಉಸಿರಾಡಿದಷ್ಟು ಸಲೀಸು. ಅವಳು ಕೆಳಗೆ ಬಂದು ಎದ್ದು ನಿಂತ ಕ್ಷಣದಲ್ಲೇ ಹಗ್ಗ ಹರಿಯಿತು. ಕಲ್ಲಿನ ಮೇಲೆ ಬಿದ್ದ ಸದ್ದು... ಗಾಬರಿಯಲ್ಲಿ ನಾನೇ ಓಡಿಹೋಗಿ ಅವಳ ತಲೆಯ ಕೆಳಗೆ ಏನೋ ಒಂದು ಹಾಸಿದೆ. ಅದು ಅದೇ ಗೋಣಿತಟ್ಟು.

ಕಾಕಾ ಮರ ಹತ್ತಿ ನೋಡಿ ಇಳಿದ. ದೊಡ್ಡಪ್ಪ ಅವನ ಮೇಲೆ ಏರಿ ಹೋದ.

"ಹಳೇ ಹಗ್ಗಾ ಕಟ್ಟಿ ನನ್ನ ಮಗಳ ಜೀವಾ ತಗೀತಿದ್ದೆಲ್ಲೋ!"

"ಹೊಸಾದ್ರಿ ಗೌಡ್ರ. ಬೇಕಾದ್ರ ಶಾಂತವ್ವನ್ನ ಕೇಳ್ರಿ. ತುದಿ ಹಿಡದಾಕಿ ಆಕೀನ."

ಎಲ್ಲರೂ ನನ್ನ ಕಡೆ ತಿರುಗಿದರು. ಅವನು ಎಷ್ಟು ನಿಶ್ಚಿಂತೆಯಿಂದ ನನ್ನ ಹೆಸರು ಹೇಳಿದ!

"ಇಲ್ರಿ ದೊಡ್ಡಪ್ಪ... ಹಗ್ಗ ಹಳೇದಿತ್ರಿ," ಎಂದೆ.

ಆಗ ಅವನ ಕಣ್ಣು, ಗೌರಕ್ಕನ ತಲೆಯ ಕೆಳಗೆ ನಾನು ಹಿಡಿದಿದ್ದ ತಟ್ಟಿನ ಕೆಂಪು ಹೊಲಿಗೆಯ ಮೇಲೆ ಬಿತ್ತು. ನನ್ನ ಮುಖ ನೋಡಿದ. ಈಗ ಹೇಳುತ್ತಾನೆ, ಈಗ ಹೇಳುತ್ತಾನೆ ಎಂದು ಕಾದೆ. ಅವನು ಬಗ್ಗಿ ಹರಿದ ಹಗ್ಗವನ್ನು ಸುತ್ತಿಕೊಂಡು ನಡೆದ. ಮದುವೆಯಾಗದ ಹುಡುಗಿಯ ಹೆಸರು ಕೆಡಬಾರದೆಂದೋ, ತನ್ನ ಮಾತನ್ನು ಯಾರು ನಂಬುತ್ತಾರೆಂದೋ — ನಾನು ಎಂದೂ ಕೇಳಲಿಲ್ಲ.

ಹಗ್ಗದಲ್ಲಿ ಮೋಸ ಮಾಡಿದವನ ಗಾಡಿಗೆ ಮಾಲು ಹೇರುವವರು ಯಾರು? ಊರವರು ಬೇರೆ ಗಾಡಿ ಗೊತ್ತುಮಾಡಿಕೊಂಡರು. ವರ್ಷದೊಳಗೆ ಕಾಕಾ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಯಲ್ಲಾಪುರಕ್ಕೆ ಹೋದ. ಗೌರಕ್ಕನ ಕಾಲು ಕೂಡಿತು, ಆದರೆ ಗಿಡ್ಡವಾಗಿ ಕೂಡಿತು. ಅವಳು ಮತ್ತೆಂದೂ ಜೋಕಾಲಿ ಹತ್ತಲಿಲ್ಲ.

ಬಹಳ ವರ್ಷಗಳ ಮೇಲೆ ನನ್ನ ಮಗ ಶಾಲೆಯ ಪಾಠ ಗಟ್ಟಿಯಾಗಿ ಓದುತ್ತಿದ್ದ. ತೂಗುವಾಗ ಹಗ್ಗದ ಮೇಲೆ ಹೆಚ್ಚು ಭಾರ ಬೀಳುವುದು ಮೇಲೆ ಹೋದಾಗ ಅಲ್ಲ, ಕೆಳಗೆ ಬಂದಾಗ. ಜೋಕಾಲಿ ಎತ್ತರ ಏರುವುದು ಕೂತು ಏಳುವ ಮೈಯ ಬಲದಿಂದ. ಅಕ್ಕಿ ಆರಿಸುತ್ತಿದ್ದ ನನ್ನ ಕೈ ನಿಂತಿತು. ನಾನು ಸೋತದ್ದು ತಟ್ಟಿನಿಂದಲ್ಲ. ನನಗೆ ಗೌರಕ್ಕನಂತೆ ಜೀಕಲು ಬರುತ್ತಿರಲಿಲ್ಲ, ಅಷ್ಟೇ.

ಒಮ್ಮೆ ಯಲ್ಲಾಪುರದ ಸಂತೆಯಲ್ಲಿ ಕಾಕಾ ಎದುರಾಗಿದ್ದ. ಗಡ್ಡ ಬೆಳ್ಳಗಾಗಿತ್ತು.

"ಅಕ್ಕನ ಕಾಲು ಹೆಂಗೈತಿ ತಂಗೀ?"

ಕೇಳಿದ್ದು ಅದೊಂದೇ. "ಆರಾಮ ಐತ್ರಿ ಕಾಕಾ," ಎಂದು ಮೋಟಾರು ಹತ್ತಿಬಿಟ್ಟೆ. ಮೋಟಾರು ಹೊರಡಲು ಇನ್ನೂ ಎಷ್ಟೋ ಹೊತ್ತಿತ್ತು. ಇಳಿದು ಹೋಗಬಹುದಿತ್ತು — ಇಳಿಯಲಿಲ್ಲ.

ಹೋದ ತಿಂಗಳು ಅವನು ತೀರಿಕೊಂಡನೆಂದು ಗೊತ್ತಾಯಿತು. ಗೌರಕ್ಕ ಇಂದಿಗೂ ಮೊಮ್ಮಕ್ಕಳಿಗೆ, ಹಸನಸಾಬನ ಹಳೇ ಹಗ್ಗ ತನ್ನ ಕಾಲು ತಿಂದಿತೆಂದೇ ಹೇಳುತ್ತಾಳೆ. ಅವಳು ಹಾಗೆ ಹೇಳುವಾಗ ನಾನು ಪಕ್ಕದಲ್ಲೇ ಕೂತು ಎಲೆ ಅಡಿಕೆ ಹಾಕಿಕೊಂಡಿದ್ದೇನೆ.

ಈ ಪಂಚಮಿಗೆ ತವರಿಗೆ ಹೋಗುತ್ತೇನೆ, ಗೌರಕ್ಕನೂ ಬರುತ್ತಾಳೆ. ಮೊಮ್ಮಕ್ಕಳೂ ಇರುವಾಗಲೇ ಈ ಕಾಗದವನ್ನು ಅವಳೆದುರು ಓದುತ್ತೇನೆ. ಮರುದಿನ ಯಲ್ಲಾಪುರಕ್ಕೆ, ಕಾಕಾನ ಮಕ್ಕಳ ಮನೆಗೆ. ಕ್ಷಮಿಸಿ ಎಂದು ಕೇಳುವ ಮುಖ ನನಗಿಲ್ಲ. ಅಂದು ಮರದ ಕೆಳಗೆ ಅವನು ನನ್ನ ಬಾಯಿಂದ ಬಯಸಿದ್ದು ಒಂದೇ ಮಾತು, ಅದನ್ನಾದರೂ ಹೇಳಬೇಕು.

ಅಕ್ಕಾ, ಹಗ್ಗ ಹೊಸಾದಿತ್ತು.